ವಿಮಾನದ ಮೂಗಿಗೆ ಸಿಂಧೂರ

ಗುಂಡುಸೂಜಿಯ ತುದಿಗೆ ಹತ್ತಿ ಬಂದದ್ದು ಮಣ್ಣಲ್ಲ.

ಚನ್ನಕೇಶವ ಅದನ್ನು ವಿಮಾನ ಮೈದಾನದ ಷೆಡ್ಡಿನ ಬಾಗಿಲ ಬೆಳಕಿಗೆ ಹಿಡಿದ. ಕಿತ್ತಳೆ ಬಣ್ಣ. ರಾಗಿ ಕಾಳಿನಷ್ಟು. ಉಗುರಿನ ಮೇಲಿಟ್ಟು ಒತ್ತಿದರೆ ಪುಡಿಯಾಗಲಿಲ್ಲ, ಮೇಣದ ಹಾಗೆ ಚಪ್ಪಟೆಯಾಯಿತು.

"ಏನೋ ಅದು? ಚಿನ್ನ ಗಿನ್ನ ಸಿಕ್ತಾ?" ಎಂದರು ಇನ್ಸ್‌ಪೆಕ್ಟರ್ ಮುನಿವೆಂಕಟಪ್ಪ. ಮುರಿದ ರೆಕ್ಕೆಯ ಮೇಲೆ ಜಗಲಿಯ ಮೇಲೆ ಕೂತಂತೆ ಕೂತಿದ್ದರು.

ಆ ರೆಕ್ಕೆ, ಈ ಮೂಳೆಗೂಡು, ಎಲ್ಲ ಸೇರಿ ಹೋದ ಭಾನುವಾರದವರೆಗೆ ಒಂದು ವಿಮಾನವಾಗಿತ್ತು. ಅವತ್ತು ಬೆಳಗಿನ ಮಂಜಿನಲ್ಲಿ ಅದು ಕಳವಾರ ಬೆಟ್ಟದ ಬಂಡೆಗೆ ಬಡಿಯಿತು. ಮುಂದಿನ ಸೀಟಿನಲ್ಲಿದ್ದ ಬಯ್ಯಪ್ಪ ಮೇಷ್ಟ್ರು ಅಲ್ಲೇ ಸತ್ತರು. ಹಿಂದಿನ ಸೀಟಿನಲ್ಲಿ ಕೂತು ವಿಮಾನ ನಡೆಸುತ್ತಿದ್ದ ಚನ್ನಕೇಶವ ಬದುಕಿದ. ಅವನು ಮಾಡಿದ ಅಪರಾಧ ಅದೊಂದೇ.

ಅವನು ಕಲಿಯುತ್ತಿದ್ದದ್ದು ಕಣ್ಣು ಕಟ್ಟಿಕೊಂಡು ಹಾರುವ ವಿದ್ಯೆ. ಬಿಸಿಲಲ್ಲಿ ಹಾರುವ ಲೈಸೆನ್ಸು ಅವನ ಜೇಬಿನಲ್ಲಿ ಆಗಲೇ ಇತ್ತು. ಮೋಡದಲ್ಲಿ, ಮಂಜಿನಲ್ಲಿ ಹಾರಬೇಕಾದರೆ ಬೇರೆ ಪರೀಕ್ಷೆ ಪಾಸಾಗಬೇಕು. ಅದಕ್ಕಾಗಿ ಕಲಿಯುವವನ ಸೀಟಿಗೆ ಕ್ಯಾನ್ವಾಸಿನ ಮುಸುಕು ಎಳೆದು ಮುಚ್ಚುತ್ತಾರೆ. ಆಕಾಶವಿಲ್ಲ, ನೆಲವಿಲ್ಲ, ಎದುರಿಗೆ ಇರುವುದು ಗಡಿಯಾರದಂಥ ನಾಲ್ಕಾರು ಬಿಲ್ಲೆ, ಅವುಗಳ ಮುಳ್ಳು. ಮುಂದಿನ ಸೀಟಿನ ಮೇಷ್ಟ್ರು ಮಾತಿನ ಕೊಳವೆಯಲ್ಲಿ ದಾರಿ ಹೇಳುತ್ತಾರೆ. ವಿಮಾನ ತಿರುಗಿಸುವ ಸ್ಟಿಕ್ಕು ಎರಡು ಸೀಟಿಗೂ ಒಂದೊಂದು, ಒಂದು ಕದಲಿದರೆ ಇನ್ನೊಂದೂ ಕದಲುತ್ತದೆ.

"ನಿನ್ನ ಮೈ ಸುಳ್ಳು ಹೇಳುತ್ತೆ ಕಣೋ," ಎನ್ನುತ್ತಿದ್ದರು ಬಯ್ಯಪ್ಪ ಮೇಷ್ಟ್ರು. "ಬೀಳ್ತಿದೀನಿ ಅನ್ನುತ್ತೆ, ಬೀಳ್ತಿರಲ್ಲ. ಮುಳ್ಳು ನಂಬು. ಮುಳ್ಳಿಗೆ ಭಯ ಇಲ್ಲ."

ಆ ಭಾನುವಾರ ಚನ್ನಕೇಶವ ನಂಬಿದ. ಎತ್ತರ ತೋರಿಸುವ ಮುಳ್ಳು, ಬೆಟ್ಟದ ನೆತ್ತಿಗಿಂತ ಎಷ್ಟೋ ಮೇಲಿದ್ದೀಯ ಎಂದಿತು. ಮಂಜಿನಲ್ಲಿ ಮೇಷ್ಟ್ರೂ ಅದೇ ಮುಳ್ಳನ್ನೇ ನಂಬಿದರು. ಬಂಡೆ ಮಾತ್ರ ನಂಬಲಿಲ್ಲ.

"ಸಾರ್, ಇದನ್ನ ನೋಡಿ," ಎಂದು ಚನ್ನಕೇಶವ ರೆಕ್ಕೆಯ ಕಂಬಕ್ಕೆ ಬಿಗಿದಿದ್ದ ಬೆರಳ ಗಾತ್ರದ ಕೊಳವೆಯನ್ನು ತೋರಿಸಿದ. "ಇದರ ಮೈಮೇಲೆ ಸಣ್ಣ ತೂತುಗಳಿವೆ. ವಿಮಾನ ಇಲ್ಲಿಂದ ಗಾಳಿ ಸೇದುತ್ತೆ. ಆ ಗಾಳಿ ಒತ್ತಡ ನೋಡ್ಕೊಂಡೇ ಮುಳ್ಳು ಎತ್ತರ ಹೇಳೋದು. ತೂತು ಅರ್ಧಂಬರ್ಧ ಕಟ್ಟಿದ್ರೆ ವಿಮಾನ ಇಳೀತಿರುತ್ತೆ, ಮುಳ್ಳು ಮೇಲೇ ನಿಂತಿರುತ್ತೆ."

"ಯಾರು ಕಟ್ಟಿದ್ರು?"

"ಅದನ್ನೇ ಹುಡುಕ್ತಿರೋದು."

ಇನ್ಸ್‌ಪೆಕ್ಟರು ಎದ್ದು ಬಂದು ಅವನ ಉಗುರು ನೋಡಿದರು. "ಕುಂಕುಮ. ಆಯುಧಪೂಜೆ ದಿವಸ ನಿಮ್ಮ ಮೆಕ್ಯಾನಿಕ್ಕು ಬಳಿದಿರ್ತಾನೆ. ನಮ್ಮ ಜೀಪಿಗೂ ಬಳೀತಾರೆ, ಜೀಪೇನು ಬೆಟ್ಟಕ್ಕೆ ಹೋಗಿ ಬಡೀಲಿಲ್ಲ."

"ಆಯುಧಪೂಜೆ ಕಳೆದು ಸಂಕ್ರಾಂತಿನೂ ಮುಗೀತು ಸಾರ್. ಒಣ ಕುಂಕುಮ ಆ ಗಾಳಿಗೆ ಒಂದು ದಿನ ನಿಲ್ಲಲ್ಲ. ಇದು ಎಣ್ಣೇಲಿ ಕಲಸಿರೋದು. ಇನ್ನೊಂದು ನೋಡಿ. ತೂತಿನ ಒಳಗೆ ಮೆತ್ಕೊಂಡಿದೆ, ಹೊರಗಡೆ ಕೊಳವೆ ಮೈಮೇಲೆ ಚೂರೂ ಇಲ್ಲ. ಹಚ್ಚೋವಾಗ ಹೊರಗೆ ಮೆತ್ತದೆ ಒಳಗೆ ಹೆಂಗೋಗುತ್ತೆ? ಯಾರೋ ಹಚ್ಚಿದಾರೆ. ಆಮೇಲೆ ಯಾರೋ ಹೊರಗಡೆ ಮಾತ್ರ ಒರೆಸಿದಾರೆ, ಮೇಷ್ಟ್ರ ಕಣ್ಣಿಗೆ ಬೀಳಬಾರದು ಅಂತ."

ಮುನಿವೆಂಕಟಪ್ಪ ಬಗ್ಗಿ ಕೊಳವೆಯ ತೂತು ನೋಡಿದರು. ಮಾತು ಅವರಿಗೆ ಹಿಡಿಸಿತ್ತು. ಆದರೆ ಹೇಳಿದವನ ಮುಖ ಹಿಡಿಸಿರಲಿಲ್ಲ.

"ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟೋನು ನನಗೆ ಪಾಠ ಮಾಡ್ತೀಯ. ಮೆಕ್ಯಾನಿಕ್ಕು ವೆಂಕಟರವಣಪ್ಪ ಅವತ್ತಿಂದ ನಾಪತ್ತೆ, ಮುರುಗಮಲ್ಲದ ದರ್ಗಾ ಹತ್ರ ಕಂಡೋರಿದಾರೆ. ಸಿಕ್ಕಿದ ಮೇಲೆ ಅವನನ್ನ ಕೇಳಣ. ಈಗ ನಿನ್ನ ವಿಷಯ. ಮಧ್ಯಾಹ್ನ ನಿಮ್ಮ ದೊಡ್ಡ ಸಾಹೇಬ್ರು ಕ್ಯಾಪ್ಟನ್ ಕೊಂಡಪ್ಪನವರು ಇನ್ನೊಂದು ವಿಮಾನದಲ್ಲಿ ನಿನ್ನ ಪರೀಕ್ಷೆ ಮಾಡ್ತಾರೆ. ನಿಂಗೆ ಮುಳ್ಳು ಓದೋಕೆ ಬರುತ್ತೆ ಅಂತ ಅವರು ಅಂದ್ರೆ ತಪ್ಪು ವಿಮಾನದ್ದು. ಬರಲ್ಲ ಅಂದ್ರೆ ನಿಂದು. ನಾನು ಹತ್ತಲ್ಲ ಅಂದ್ಯೋ, ಆಗಲೂ ನಿಂದೇ. ಸಾಯಂಕಾಲಕ್ಕೆ ಲಾಕಪ್ಪಲ್ಲಿ ಇರ್ತೀಯ. ಮನುಷ್ಯನ್ನ ಕೊಂದ ಕೇಸು ಕಣಪ್ಪಾ, ಸೈಕಲ್ ಕದ್ದಿದ್ದಲ್ಲ."

ಚನ್ನಕೇಶವ ಮನಸ್ಸಿನಲ್ಲೇ ಬೈದುಕೊಂಡ. ಹಾಳಾದವರು. ಸತ್ತ ಮೇಷ್ಟ್ರಿಗೆ ಒಂದು ಹಾರ ಹಾಕಲು ಪುರುಸೊತ್ತಿಲ್ಲದವರಿಗೆ ಬದುಕಿದವನ ಕೈಗೆ ಕೋಳ ಹಾಕಲು ಎಷ್ಟು ಅವಸರ. ಅವನು ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಉಗುರಿನ ಮೇಲಿದ್ದ ಕಿತ್ತಳೆ ಮೇಣದಿಂದ ಏನೋ ಜೋತಾಡಿದ್ದು ಕಂಡಿತು.

ಒಂದು ಎಳೆ. ಕೂದಲಿಗಿಂತ ಸಣ್ಣದು. ಬೆಳಕಿಗೆ ತಿರುಗಿಸಿದರೆ ಮಾತ್ರ ಮಿನುಗುವಂಥದ್ದು.

ಹುಟ್ಟಿದಂದಿನಿಂದ ಆ ಎಳೆಯನ್ನು ಅವನು ಬಲ್ಲ. ತಟ್ಟೆಯ ಮುದ್ದೆಯಲ್ಲಿ, ಅಂಗಿಯ ಕಾಲರಿನಲ್ಲಿ, ಮಲಗುವ ಚಾಪೆಯಲ್ಲಿ ಅದು ಸಿಗುತ್ತಿತ್ತು. ರೇಷ್ಮೆ ಗೂಡು ಬಿಚ್ಚುವವರ ಬೆರಳು ಏನು ಮುಟ್ಟಿದರೂ ಅಲ್ಲಿ ಒಂದೆಳೆ ಬಿಟ್ಟೇ ಏಳುತ್ತದೆ.

ಅವನು ಉಗುರನ್ನು ಮೂಗಿನ ಹತ್ತಿರ ತಂದ. ಹಿಪ್ಪೆ ಎಣ್ಣೆಯ ಕಮಟು. ಹಿಪ್ಪೆ ಎಣ್ಣೆಯಲ್ಲಿ ಸಿಂಧೂರ ಕಲಸಿ ಊರಬಾಗಿಲ ಆಂಜನೇಯನಿಗೆ ಮೆತ್ತುವ ಮನೆ ಅವನಿಗೆ ಗೊತ್ತಿದ್ದದ್ದು ಒಂದೇ.

ಅವನದೇ ಮನೆ.

"ಮಧ್ಯಾಹ್ನದ ಹೊತ್ತಿಗೆ ಬಂದ್ಬಿಡ್ತೀನಿ ಸಾರ್," ಎಂದವನೇ ಕೈ ಮುಷ್ಟಿ ಮಾಡಿಕೊಂಡು ಮೋಟಾರ್ ಸೈಕಲ್ಲಿನ ಕಡೆ ನಡೆದ.

"ಓಡಿಹೋಗ್ಬೇಡಪ್ಪೋ," ಎಂದರು ಇನ್ಸ್‌ಪೆಕ್ಟರು ಹಿಂದಿನಿಂದ. "ನಿಮ್ಮನೆ ದಾರಿ ನಂಗೆ ಗೊತ್ತು."

ಶಿಡ್ಲಘಟ್ಟ ದಾಟಿ ತನ್ನೂರು ಜಂಗಮಕೋಟೆ ಮುಟ್ಟುವವರೆಗೂ ಅವನು ಗಾಡಿಯ ಕಿವಿ ಹಿಂಡುತ್ತಲೇ ಇದ್ದ. ಬೇರೆ ಮನೆ ಇರಬಹುದು. ಗೂಡು ಬಿಚ್ಚುವ ಮನೆ ಈ ಸೀಮೆಯಲ್ಲಿ ಒಂದೇ ಎರಡೇ. ಬೇರೆ ಯಾರದೋ ಬೆರಳಿರಬಹುದು. ಹಾಗೆ ಅಂದುಕೊಂಡಷ್ಟೂ ಹಿಪ್ಪೆ ಎಣ್ಣೆಯ ವಾಸನೆ ಉಗುರಿನಿಂದ ಎದ್ದು ಬಂದು ಮೂಗಿಗೆ ಹೊಡೆಯುತ್ತಿತ್ತು.

ಹಿತ್ತಿಲ ಚಪ್ಪರದಲ್ಲಿ ಒಲೆ ಉರಿಯುತ್ತಿತ್ತು. ಬೆಂದ ಹುಳದ ನಾತ ಇಡೀ ಬೀದಿಗೆ ಹಬ್ಬಿತ್ತು. ಕುದಿಯುವ ನೀರಿನ ಬಾಂಡ್ಲಿಯ ಮುಂದೆ ಅವನ ತಾಯಿ ಕದಿರಮ್ಮ ಕೂತಿದ್ದಳು. ತೇಲುವ ಗೂಡುಗಳನ್ನು ಕಡ್ಡಿಯಿಂದ ತಡವಿ, ಎಳೆಯ ತುದಿ ಹಿಡಿದು, ಎಂಟು ಹತ್ತು ಎಳೆ ಕೂಡಿಸಿ ಚರಕಕ್ಕೆ ಕೊಡುತ್ತಿದ್ದಳು. ಚರಕ ತಿರುಗಿಸುತ್ತಿದ್ದವಳು ಕೂಲಿಯ ಪೆದ್ದಮ್ಮ.

"ಪೆದ್ದಮ್ಮ, ಒಂಚೂರು ಆಚೆ ಹೋಗಿ ಎಲೆ ಅಡಿಕೆ ಹಾಕ್ಕೊಂಡು ಬಾ," ಎಂದ ಚನ್ನಕೇಶವ.

"ನಾನಿದ್ರೆ ಏನು ನಿಂಗೆ ಕಣ್ಣುಬೇನೆನಾ?" ಎನ್ನುತ್ತ ಪೆದ್ದಮ್ಮ ಸೊಂಟ ಹಿಡಿದು ಎದ್ದಳು. ಅವನ ಮುಖ ನೋಡಿ, ಬಾಯಿಗೆ ಬಂದಿದ್ದ ಇನ್ನೊಂದು ಮಾತನ್ನು ನುಂಗಿಕೊಂಡು ಹೋದಳು.

ಚರಕ ನಿಂತಿತು.

"ಅಮ್ಮ, ಹೋದ ಶನಿವಾರ ನೀನು ಮೈದಾನಕ್ಕೆ ಬಂದಿದ್ಯಲ್ಲ. ನಂಗೆ ಬುತ್ತಿ ತಂದಿದ್ದಿ."

"ಹೂಂ ನಾಯನಾ. ಅವರೆಕಾಳು ಸಾರು ತಂದಿದ್ದೆ. ನೀನು ಅರ್ಧ ಬಿಟ್ಟೆ."

"ಬುತ್ತಿ ಬಿಟ್ಟು ಇನ್ನೇನು ತಂದಿದ್ದಿ?"

ಕದಿರಮ್ಮ ಬಾಂಡ್ಲಿಯ ಕಡೆ ನೋಡಿದಳು. ಬಿಸಿನೀರಿನಲ್ಲಿ ನೆಂದು ನೆಂದು ಬೆರಳ ತುದಿಗಳು ಬೆಳ್ಳಗೆ ಬೆಂಡಾಗಿದ್ದವು. ಅವನ್ನು ಸೆರಗಿನಲ್ಲಿ ಸುತ್ತಿಕೊಂಡಳು.

"ನೀನು ಬೈತೀಯ."

"ಬೈಯಲ್ಲ, ಹೇಳು."

"ಬೈತೀಯ ಕಣೋ. ದೇವರು ಅಂದ್ರೆ ಮೈಮೇಲೆ ಕೆಂಡ ಬಿದ್ದೋರ ಥರ ಆಡ್ತೀಯ. ಹಬ್ಬದ ದಿವಸನೂ ಹಣೆ ಬರಿದು. ನಾನೇನು ಮಾಡ್ಲಿ? ನೆಲದ ಮೇಲಿದ್ರೆ ನಾನಿದೀನಿ. ಗಾಳೀಲಿ ಹೋದ್ರೆ ಯಾರಿದಾರೆ? ಅವನು ವಾಯುಪುತ್ರ. ಅವನಲ್ದೆ ಇನ್ಯಾರು ಕಾಯ್ತಾರೆ ನಿನ್ನ? ಅದಕ್ಕೇ ಡಬ್ಬೀಲಿ ಸಿಂಧೂರ ತಂದೆ. ವಿಮಾನಕ್ಕೆ ಇಟ್ಟೆ."

"ಎಲ್ಲಿಟ್ಟೆ?"

"ಚಕ್ರಕ್ಕೆ ಇಟ್ಟೆ. ಆ ಮರದ ರೆಕ್ಕೆ ಮುಂದೆ ಗಿರಗಿರ ಸುತ್ತುತ್ತಲ್ಲ, ಅದಕ್ಕಿಟ್ಟೆ. ಅಷ್ಟೇ ಮಾಡಿ ಹೊರಟಿದ್ದೆ. ಅವರೇ ಕರೆದ್ರು."

"ಯಾರು?"

"ನಿಮ್ಮ ದೊಡ್ಡ ಸಾಹೇಬ್ರು. ಆ ಕೊಂಡಪ್ಪನವರು. ಎಂಥ ಮನುಷ್ಯ ನಾಯನಾ. ಟೋಪಿ ತೆಗೆದು ಕೈಮುಗಿದ್ರು. 'ಅಮ್ಮಾ, ಬರೀ ಚಕ್ರಕ್ಕಿಟ್ರೆ ಆಯ್ತಾ, ಇಲ್ಲಿಡಿ' ಅಂತ ರೆಕ್ಕೆ ಹತ್ರ ಒಂದು ಕಡ್ಡಿ ಥರದ್ದು ತೋರಿಸಿದ್ರು. 'ಇದೇ ವಿಮಾನದ ಮೂಗು. ಉಸಿರಾಡೋ ಜಾಗ. ಇಲ್ಲಿಟ್ರೆ ಸ್ವಾಮಿ ನಿಮ್ಮ ಮಗನ ಉಸಿರು ಕಾಯ್ತಾನೆ' ಅಂದ್ರು. ನಾನು ಮೆಲ್ಲಗೆ ಇಟ್ಟೆ. 'ಒತ್ತಿ ಇಡಿ ಅಮ್ಮಾ, ಗಾಳಿಗೆ ಹಾರೋಗುತ್ತೆ' ಅಂದ್ರು. ಒತ್ತಿಟ್ಟೆ."

ಬಾಂಡ್ಲಿಯಲ್ಲಿ ಗೂಡುಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತ ಸುತ್ತುತ್ತಿದ್ದವು.

"ನಾನೆಲ್ಲಿದ್ದೆ ಆಗ?" ಎಂದ.

"ಅದರೊಳಗೇ ಕೂತಿದ್ಯಲ್ಲೋ. ತಲೆ ಮೇಲೆ ಗುಡಾರ ಮುಚ್ಕೊಂಡು. 'ಪಾಠ ಮಾಡ್ತಿದಾನೆ, ಮಾತಾಡಿಸ್ಬೇಡಿ. ಹೇಳಲೂಬೇಡಿ, ಹುಡುಗ ನಗ್ತಾನೆ' ಅಂದ್ರು. ಅದಕ್ಕೇ ನಾನು ಹೇಳಲಿಲ್ಲ."

ಅವನಿಗೆ ನೆನಪಾಯಿತು. ಬಯ್ಯಪ್ಪ ಮೇಷ್ಟ್ರು ಅವತ್ತು ಬೆಂಗಳೂರಿಗೆ ಹೋಗಿದ್ದರು. ನೆಲದ ಮೇಲೆ ನಿಂತ ವಿಮಾನದಲ್ಲಿ ಅವನನ್ನು ಕೂರಿಸಿ, ಮುಸುಕು ಮುಚ್ಚಿ, ಕತ್ತಲಲ್ಲೇ ಒಂದೊಂದು ಗುಂಡಿಯನ್ನೂ ಮುಟ್ಟಿ ಹೆಸರು ಹೇಳು ಎಂದಿದ್ದವನು ಕೊಂಡಪ್ಪ. ಹೊರಗೆ ಬಳೆಯ ಸದ್ದಾಗಿತ್ತು. ಕಸ ಗುಡಿಸುವವಳು ಅಂದುಕೊಂಡಿದ್ದ. ಒಂದು ಬಟ್ಟೆಯ ಆಚೆ ನಿಂತು ತಾಯಿ ಅವನಿಗೆ ಸಾವನ್ನು ಒತ್ತಿ ಒತ್ತಿ ಮೆತ್ತುತ್ತಿದ್ದಳು, ಅವನು ಗುಂಡಿಗಳ ಹೆಸರು ಒಪ್ಪಿಸುತ್ತಿದ್ದ.

"ಅಮ್ಮ, ನಿಂಗೆ ಗೊತ್ತಾ ನೀನೇನು..."

"ಗೊತ್ತು," ಎಂದಳು ಕದಿರಮ್ಮ. ಅವಳ ಕಣ್ಣು ತುಂಬಿತ್ತು. ಮುಖದಲ್ಲಿ ಒಂದು ಬಗೆಯ ಹೆಮ್ಮೆಯಿತ್ತು. "ಆ ಮೇಷ್ಟ್ರು ಪಾಪ ಹೋದ್ರು. ಕಲ್ಲಿಗೆ ಬಡಿದ ವಿಮಾನದಲ್ಲಿ ನೀನೊಬ್ಬ ಹೆಂಗೆ ಉಳಿದೆ ಹೇಳು? ಊರೆಲ್ಲಾ ಕೇಳ್ತು. ನಾನು ಬಾಯಿ ಬಿಡಲಿಲ್ಲ. ನಂಗೊತ್ತು. ಅದಕ್ಕೇ ಉಳಿದೆ ನೀನು."

ಬಂದ ದಾರಿಯುದ್ದಕ್ಕೂ ಕೂಡಿಟ್ಟಿದ್ದ ಬೈಗುಳಗಳೆಲ್ಲ ಚನ್ನಕೇಶವನ ನಾಲಿಗೆಯ ಮೇಲೆ ಸತ್ತು ಬಿದ್ದವು. ಈಗ ನಿಜ ಹೇಳಿದರೆ ಇವಳು ಈ ಬಾಂಡ್ಲಿಗೇ ತಲೆ ಕೊಟ್ಟುಬಿಡುತ್ತಾಳೆ. ಇನ್ಸ್‌ಪೆಕ್ಟರಿಗೆ ಹೇಳಿದರೆ? ಹಚ್ಚಿದ ಕೈ ಯಾರದು ಎಂದು ಮೊದಲು ಕೇಳುತ್ತಾನೆ. ತೋರಿಸಿದ ಬೆರಳನ್ನು ಕಂಡವರು ಯಾರು? ಇವಳೊಬ್ಬಳೇ. ಒಂದು ಕಡೆ ಟೋಪಿ ಹಾಕಿದ ಕ್ಯಾಪ್ಟನ್ನು, ಇನ್ನೊಂದು ಕಡೆ ಹೆಬ್ಬೆಟ್ಟು ಒತ್ತುವ ಹೆಂಗಸು. ಕೋರ್ಟು ಯಾರ ಮಾತು ಕೇಳುತ್ತದೆಂದು ತಿಳಿಯಲು ಏಳನೇ ಕ್ಲಾಸೂ ಬೇಕಾಗಿಲ್ಲ.

ಬಾಯಿ ಬಿಟ್ಟರೆ ಅಮ್ಮ ಜೈಲಿಗೆ. ಬಿಡದಿದ್ದರೆ ತಾನು.

ಒಂದೇ ದಾರಿ ಉಳಿದಿತ್ತು. ಏನೂ ಗೊತ್ತಿಲ್ಲದವನ ಹಾಗೆ ಹೋಗಿ ವಿಮಾನ ಹತ್ತುವುದು. ಇನ್ಸ್‌ಪೆಕ್ಟರ ಕಣ್ಣೆದುರು ಕೂದಲೆಳೆ ತಪ್ಪಿಲ್ಲದೆ ಹಾರಿಸಿ, ಕೊಂಡಪ್ಪನ ಬಾಯಿಂದಲೇ ಸೈ ಅನ್ನಿಸಿಕೊಳ್ಳುವುದು. ಆಮೇಲೆ ಅವನ ಬೆನ್ನು ಹತ್ತುವುದು. "ಗೌರಿಬಿದನೂರಿನಾಚೆ ಬಯಲಲ್ಲಿ ಕೊಂಡಪ್ಪ ಯಾರಿಗೂ ಹೇಳ್ದೆ ವಿಮಾನ ಇಳಿಸ್ತಾನೆ ಕಣೋ, ಯಾಕೆ ಅಂತ ಕೇಳಬೇಕು," ಎಂದಿದ್ದರು ಬಯ್ಯಪ್ಪ ಮೇಷ್ಟ್ರು, ಸಾಯುವ ಕೆಲವೇ ದಿನ ಮುಂಚೆ. ಕೇಳಿದ್ದರೋ ಏನೋ.

"ನಾನು ಹೊರಟೆ," ಎಂದ. "ಈ ಸಿಂಧೂರದ ಮಾತು ಇನ್ಯಾರ ಹತ್ರನೂ ಆಡಬೇಡ. ಆ ಕೊಂಡಪ್ಪ ಬಾಗಿಲಿಗೆ ಬಂದ್ರೆ ಚಿಲಕ ತೆಗೀಬೇಡ."

"ಯಾಕೋ? ಅಷ್ಟು ಒಳ್ಳೆ ಮನುಷ್ಯ..."

"ತೆಗೀಬೇಡ ಅಂದ್ನಲ್ಲಮ್ಮ."

ಅವಳು ಒಳಗೆ ಹೋಗಿ ಡಬ್ಬಿ ತಂದಳು. ಕೇಳದೆಯೇ ಉಂಗುರ ಬೆರಳನ್ನು ಅದರಲ್ಲಿ ಅದ್ದಿ ಅವನ ಹಣೆಯ ಹತ್ತಿರ ತಂದು, ಹೊಡೆತಕ್ಕೆ ಕಾದವಳ ಹಾಗೆ ನಿಂತಳು. ಬೇರೆ ದಿನವಾಗಿದ್ದರೆ ಆ ಕೈಯನ್ನು ತಳ್ಳಿಬಿಡುತ್ತಿದ್ದ.

ಅವತ್ತು ತಲೆ ತಗ್ಗಿಸಿದ. ಬೆಂಡಾದ ಬೆರಳು ಹಣೆಯ ಮೇಲೆ ಒತ್ತಿ ಎದ್ದಿತು.

ಮೈದಾನ ಮುಟ್ಟಿದಾಗ ಬಿಸಿಲು ನೆತ್ತಿಯ ಮೇಲಿತ್ತು. ಎರಡನೇ ವಿಮಾನವನ್ನು ಷೆಡ್ಡಿನಿಂದ ಹೊರಗೆ ತಂದು ನಿಲ್ಲಿಸಿದ್ದರು. ಹೊಂಗೆ ಮರದ ನೆರಳಲ್ಲಿ ಇನ್ಸ್‌ಪೆಕ್ಟರು ಕುರ್ಚಿ ಹಾಕಿಸಿಕೊಂಡು ಕೂತು ಎಳನೀರು ಕುಡಿಯುತ್ತಿದ್ದರು.

ಚನ್ನಕೇಶವ ನೆಟ್ಟಗೆ ರೆಕ್ಕೆಯ ಕಂಬದ ಹತ್ತಿರ ಹೋದ. ಗುಂಡುಸೂಜಿ ತೆಗೆದು ಕೊಳವೆಯ ತೂತುಗಳನ್ನು ಒಂದೊಂದಾಗಿ ಚುಚ್ಚಿ ನೋಡಿದ. ಎಲ್ಲ ಸ್ವಚ್ಛ.

"ಏನಪ್ಪಾ ಹುಡುಕ್ತಿದೀಯ?"

ಹಿಂದೆ ಕ್ಯಾಪ್ಟನ್ ಕೊಂಡಪ್ಪ ನಿಂತಿದ್ದ. ಇಸ್ತ್ರಿ ಮಾಡಿದ ಖಾಕಿ, ತಿದ್ದಿದ ಮೀಸೆ. ಬೆನ್ನ ಕೆಳಗೆ ಪ್ಯಾರಾಚೂಟಿನ ಗಂಟು ಆಗಲೇ ಕಟ್ಟಿಕೊಂಡಾಗಿತ್ತು.

"ಕಡಜ ಗೂಡು ಕಟ್ಟಿರುತ್ತೆ ಸಾರ್. ನೋಡ್ತಿದ್ದೆ."

"ಒಳ್ಳೇದು. ಬಯ್ಯಪ್ಪನೂ ಹಿಂಗೇ ನೋಡಿದ್ದಿದ್ರೆ ಚೆನ್ನಾಗಿತ್ತು."

ಎಷ್ಟು ಸಲೀಸಾಗಿ ಹೇಳಿದ. ಚನ್ನಕೇಶವನ ಕೈಯಲ್ಲಿ ಸೂಜಿ ಬಾಗಿತು. ಮುಖ ತೋರಿಸಬಾರದೆಂದು ಮೊದಲೇ ಅಂದುಕೊಂಡಿದ್ದ, ಆದರೂ ತಿರುಗಿದ. ಕೊಂಡಪ್ಪ ಅವನ ಕಣ್ಣು ನೋಡಲಿಲ್ಲ. ಕಣ್ಣಿಗಿಂತ ಸ್ವಲ್ಪ ಮೇಲೆ ಎಲ್ಲೋ ನೋಡಿದ. ಒಂದು ಗಳಿಗೆ ಅಲ್ಲೇ ನೋಡಿದ. ಆಮೇಲೆ ಮುಗುಳ್ನಕ್ಕ.

"ಹತ್ತಪ್ಪಾ," ಎಂದ.

ಚನ್ನಕೇಶವ ಹಿಂದಿನ ಸೀಟಿಗೆ ಇಳಿದು ಬೆಲ್ಟು ಬಿಗಿದುಕೊಂಡ. ಮಾತಿನ ಕೊಳವೆಯನ್ನು ಕಿವಿಗೆ ಸಿಕ್ಕಿಸಿಕೊಂಡ. ಕೊಂಡಪ್ಪ ತಾನೇ ಮುಸುಕು ಎಳೆದು ಮುಚ್ಚಿದ. ಆಮೇಲೆ ಬಟ್ಟೆಯ ಆಚೆ ಹಗ್ಗ ಜಗ್ಗುವ ಸದ್ದಾಯಿತು.

"ಸಾರ್, ಕಟ್ತಿದೀರಾ?"

"ಪರೀಕ್ಷೆ ಅಲ್ವೇನೋ. ಇನ್ಸ್‌ಪೆಕ್ಟರು ನೋಡ್ತಿದಾರೆ. ಸಂದೀಲಿ ಇಣುಕಿದ ಅಂತ ನಾಳೆ ಯಾರೂ ಅನ್ನಬಾರದು."

ನ್ಯಾಯವಾದ ಮಾತು. ಮರದ ನೆರಳಿನಿಂದ ಇನ್ಸ್‌ಪೆಕ್ಟರು "ಹೌದೌದು, ಬಿಗಿಯಾಗಿ ಕಟ್ಟಿ," ಎಂದದ್ದೂ ಕೇಳಿಸಿತು.

ನೆಲ ಬಿಟ್ಟಿತು. ಕತ್ತಲು, ಪೆಟ್ರೋಲಿನ ವಾಸನೆ, ಕಾದ ಕ್ಯಾನ್ವಾಸಿನ ಸೆಕೆ. ಮುಳ್ಳುಗಳು ಒಂದೊಂದಾಗಿ ಜೀವ ಪಡೆದವು. ವೇಗ ಸರಿಯಿತ್ತು. ಎತ್ತರದ ಮುಳ್ಳು ತಡಮಾಡದೆ ಏರುತ್ತಿತ್ತು. ಚನ್ನಕೇಶವನಿಗೆ ಮೊದಲ ಸಲ ಉಸಿರು ಸಲೀಸಾಯಿತು.

"ಎಡಕ್ಕೆ ತಿರುಗು. ಇನ್ನೂ. ಪಶ್ಚಿಮಕ್ಕೆ ಹಿಡಿ," ಎಂದಿತು ಕೊಳವೆ.

ಹಿಡಿದ. ದಿಕ್ಕಿನ ಮುಳ್ಳು ಗೂಟ ಬಡಿದಂತೆ ನಿಂತಿತು.

"ಭೇಷ್. ಬಯ್ಯಪ್ಪ ಚೆನ್ನಾಗೇ ಕಲಿಸಿದಾನೆ. ಇನ್ನು ಏರ್ಬೇಡ. ಹಿಂಗೇ ಹೋಗ್ತಿರು."

ಹೋದ. ಕೊಳವೆಯಲ್ಲಿ ಕೊಂಡಪ್ಪನ ಉಸಿರು ಮಾತ್ರ ಕೇಳಿಸುತ್ತಿತ್ತು. ಮೈದಾನದಿಂದ ಪಶ್ಚಿಮಕ್ಕೆ ಹೋದರೆ ಚಿಕ್ಕಬಳ್ಳಾಪುರದ ಮನೆಗಳು, ಆಮೇಲೆ ಹೊಲ. ಅದಾದ ಮೇಲೆ? ಅವನ ಬೆನ್ನು ಸೆಟೆಯಿತು. ಅದಾದ ಮೇಲೆ ಕಳವಾರ ಬೆಟ್ಟ. ಮುಳ್ಳು ತೋರಿಸುತ್ತಿದ್ದ ಎತ್ತರ ಬೆಟ್ಟದ ಸೊಂಟದಷ್ಟು. ಈ ಸಲ ಮುಳ್ಳು ನಿಜವನ್ನೇ ಹೇಳುತ್ತಿತ್ತು.

"ಸಾರ್, ತಿರುಗಿಸ್ಲಾ?"

"ಸಿಂಧೂರ ನಿನ್ನ ಹಣೆಗೆ ಚೆನ್ನಾಗಿ ಒಪ್ಪುತ್ತೆ ಕಣೋ," ಎಂದಿತು ಕೊಳವೆ. "ಇಷ್ಟು ದಿವಸ ಒಂದು ಸಲನೂ ಕಂಡಿರಲಿಲ್ಲ. ಅಮ್ಮ ಇಟ್ಟಿದ್ದಾ?"

ಚನ್ನಕೇಶವನ ಕೈ ತಾನಾಗಿ ಹಣೆಗೆ ಹೋಯಿತು. ಒರೆಸಿಕೊಂಡಿರಲಿಲ್ಲ. ಇಡೀ ದಾರಿ ಒರೆಸಿಕೊಳ್ಳಬೇಕೆಂದು ಅನ್ನಿಸಿಯೇ ಇರಲಿಲ್ಲ.

"ಆಯಮ್ಮ ಮಾತು ಉಳಿಸ್ಕೊಳ್ಳಲಿಲ್ಲ ಅಂತಾಯ್ತು. ಹೇಳಬೇಡಿ ಅಂದಿದ್ದೆ. ಇರ್ಲಿ ಬಿಡು, ಹಳ್ಳಿಯೋರು. ಸಾಯಂಕಾಲ ನಾನೇ ಜಂಗಮಕೋಟೆಗೆ ಹೋಗಿ ಮಾತಾಡಿಸ್ಕೊಂಡು ಬರ್ತೀನಿ. ಮಗ ಹೋದ ಸುದ್ದಿ ಯಾರಾದ್ರೂ ಹೇಳ್ಬೇಕಲ್ಲ."

"ಕೊಂಡಪ್ಪಾ, ಅವಳನ್ನ ಮುಟ್ಟಿದ್ರೆ..."

ವಿಮಾನ ಒಮ್ಮೆ ತೊನೆದು ಮೂಗೆತ್ತಿತು. ಬೆನ್ನಿನಿಂದ ಹೊರೆ ಇಳಿಸಿದ ಎತ್ತಿನ ಹಾಗೆ ಹಗುರಾಯಿತು. ಕೊಳವೆಯಲ್ಲಿ ಉಸಿರಿನ ಸದ್ದು ನಿಂತಿತು. ಅದರ ಬದಲು ಗಾಳಿ ಊಳಿಡತೊಡಗಿತು, ಆಚೆ ತುದಿ ಯಾರ ಬಾಯಿಯ ಹತ್ತಿರವೂ ಇಲ್ಲದೆ ಬಯಲಲ್ಲಿ ಬಡಿದಾಡುತ್ತಿರುವ ಹಾಗೆ.

ಮುಂದಿನ ಸೀಟು ಖಾಲಿಯಾಗಿತ್ತು.

ಅವನು ಎರಡೂ ಕೈಯಿಂದ ಮುಸುಕನ್ನು ಗುದ್ದಿದ. ಹಗ್ಗ ಜಪ್ಪಯ್ಯ ಅನ್ನಲಿಲ್ಲ. ಹೊಲಿಗೆಯ ಸಂದಿಗೆ ಬೆರಳು ತೂರಿಸಿ ಕಿತ್ತ. ಉಗುರು ಕಿತ್ತು ಬಂತು. ಬೆವರಿಗೆ ಸಿಂಧೂರ ಕರಗಿ ಎಡಗಣ್ಣಿಗೆ ಇಳಿದು ಉರಿಯಿತು. ಉಳಿದ ಒಂದು ಕಣ್ಣಲ್ಲಿ ಮುಳ್ಳುಗಳ ಕಡೆ ನೋಡಿದ. ಪಶ್ಚಿಮ. ನೇರ ಪಶ್ಚಿಮ.

ಮುಸುಕು ಹಾಳಾಗಿ ಹೋಗಲಿ. ಕಣ್ಣು ಕಟ್ಟಿಕೊಂಡು ಹಾರುವುದನ್ನೇ ಅಲ್ಲವೇ ಮೇಷ್ಟ್ರು ಕಲಿಸಿದ್ದು. ಮುಳ್ಳು ನಂಬು. ಬಲಕ್ಕೆ ತಿರುಗಿಸು, ಬೆಟ್ಟ ತಪ್ಪುತ್ತದೆ. ಇಳಿ, ಜಂಗಮಕೋಟೆಗೆ ಓಡು, ಚಿಲಕ ಹಾಕು.

ಸ್ಟಿಕ್ಕನ್ನು ಬಲಕ್ಕೆ ಒತ್ತಿದ.

ಅದು ಕದಲಲಿಲ್ಲ. ಇನ್ನೊಮ್ಮೆ, ಮೈಭಾರವನ್ನೆಲ್ಲ ಹಾಕಿ ಒತ್ತಿದ. ಕತ್ತಲಲ್ಲಿ ಕಿವಿಗೊಟ್ಟ. ಮುಂದಿನ ಸೀಟಿನಲ್ಲಿ ಜೋಡಿ ಸ್ಟಿಕ್ಕಿಗೆ ಬಿಗಿದು ಕಟ್ಟಿದ ತೊಗಲಿನ ಬೆಲ್ಟು ಕಿರ್ರೆಂದಿತು, ಬಿಡಲಿಲ್ಲ.